ತೊಡೆ ಎಲುಬಿನ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ಹಿರಿಯರ ಆರೈಕೆ

ಬಚ್ಚಲಲ್ಲಿ ಜಾರಿ, ಹೊಸ್ತಿಲು ಎಡವಿ, ಇಲ್ಲವೆ ರಾತ್ರಿ ಕತ್ತಲಲ್ಲಿ ಎದ್ದು ಹೋಗುವಾಗ ಬಿದ್ದು ಕಾಲಿನ ಶಸ್ತ್ರಚಿಕಿತ್ಸೆಗೆ ಬರುವ ಹಿರಿಯರು ಬಹಳ ಜನ. ಊರಲ್ಲಿ ಇದಕ್ಕೆ “ಸೊಂಟ ಮುರಿಯಿತು” ಎನ್ನುತ್ತಾರೆ. ಸಾಮಾನ್ಯವಾಗಿ ಇವರಲ್ಲಿ ಮುರಿದಿರುವುದು ಸೊಂಟದ ಕೀಲಿಗೆ ಸೇರುವ ತೊಡೆ ಎಲುಬಿನ ಕತ್ತು, ಅಥವಾ ಅದಕ್ಕಿಂತ ತುಸು ಕೆಳಗಿನ ಭಾಗ. ಶಸ್ತ್ರಚಿಕಿತ್ಸೆಯಲ್ಲಿ ಕೆಲವರಿಗೆ ರಾಡು, ಸ್ಕ್ರೂ ಹಾಕಿ ಮುರಿದ ತುಂಡುಗಳನ್ನು ಕೂಡಿಸಲಾಗುತ್ತದೆ. ಇನ್ನು ಕೆಲವರಿಗೆ ಮುರಿದ ಗುಂಡನ್ನು ತೆಗೆದು ಅದರ ಜಾಗದಲ್ಲಿ ಲೋಹದ ಗುಂಡನ್ನು ಕೂರಿಸಲಾಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಇವೆರಡರಲ್ಲಿ ಯಾವುದು ಆಗಿದೆ ಎಂಬುದನ್ನು ಆಸ್ಪತ್ರೆ ಬಿಡುವ ಮೊದಲೇ ಕೇಳಿ ತಿಳಿದುಕೊಳ್ಳಿರಿ. ಮನೆಯಲ್ಲಿ ಅವರು ಹೇಗೆ ಕೂರಬೇಕು, ಹೇಗೆ ಮಲಗಬೇಕು ಎಂಬುದು ಅದನ್ನು ಅವಲಂಬಿಸಿದೆ.

ಆಸ್ಪತ್ರೆಯಲ್ಲಿ ಕಳೆಯುವುದು ಕೆಲವೇ ದಿನ. ಉಳಿದ ಮೂರು ನಾಲ್ಕು ತಿಂಗಳು ಮನೆಯಲ್ಲಿ. ಹಿರಿಯರು ಮತ್ತೆ ತಮ್ಮ ಕಾಲ ಮೇಲೆ ನಿಂತು ಓಡಾಡುತ್ತಾರೋ, ಹಾಸಿಗೆ ಹಿಡಿಯುತ್ತಾರೋ ಎಂಬುದು ಬಹುಮಟ್ಟಿಗೆ ಈ ತಿಂಗಳುಗಳಲ್ಲಿ ನಿರ್ಧಾರವಾಗುತ್ತದೆ.

ಮಲಗಿಸಿಡುವುದು ಆರೈಕೆಯೇ?

“ಆಪರೇಷನ್ ಆಗಿದೆ, ಇನ್ನು ಮೂರು ತಿಂಗಳು ಅಲುಗಾಡಿಸದೆ ಮಲಗಿಸಿಬಿಡೋಣ, ಎಲುಬು ಕೂಡುತ್ತದೆ” ಎಂದು ಅನೇಕ ಮನೆಗಳಲ್ಲಿ ತೀರ್ಮಾನಿಸುತ್ತಾರೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಅದರಲ್ಲಿ ಸಂಶಯವಿಲ್ಲ. ಅಪ್ಪ ಎದ್ದು ಕೂರುತ್ತೇನೆಂದರೆ ಮಗ ಬೇಡವೆನ್ನುತ್ತಾನೆ. ಅವ್ವ ಬಚ್ಚಲಿಗೆ ಹೋಗುತ್ತೇನೆಂದರೆ ಮಗಳು ಹಾಸಿಗೆಯಲ್ಲೇ ಪಾತ್ರೆ ಇಡುತ್ತಾಳೆ. ಮಾತನಾಡಿಸಲು ಬಂದ ನೆಂಟರು, “ಈ ವಯಸ್ಸಿನಲ್ಲಿ ಇವರನ್ನು ನಡೆಸುತ್ತೀರಾ?” ಎಂದು ಮನೆಯವರನ್ನೇ ಗದರಿಸಿ ಹೋಗುತ್ತಾರೆ.

ಹಿಂದೆ ಬೇರೆ ದಾರಿಯಿರಲಿಲ್ಲ. ತೊಡೆ ಎಲುಬು ಮುರಿದವರ ಕಾಲಿಗೆ ಭಾರ ಕಟ್ಟಿ ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿಸುತ್ತಿದ್ದರು. ಅವರಲ್ಲಿ ಅನೇಕ ವೃದ್ಧರು ಸಾಯುತ್ತಿದ್ದುದು ಮುರಿದ ಎಲುಬಿನಿಂದಲ್ಲ. ಮಲಗಿದ್ದರಿಂದ ಬಂದ ಕಫದ ಜ್ವರ, ಹಾಸಿಗೆ ಹುಣ್ಣು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇವುಗಳಿಂದ. ಜರ್ಮನಿಯ ಗೆರ್ಹಾರ್ಡ್ ಕುಂಚರ್ ಎಂಬ ವೈದ್ಯರು 1939ರಲ್ಲಿ ತೊಡೆ ಎಲುಬಿನ ಪೊಳ್ಳಿನೊಳಗೆ ಉದ್ದನೆಯ ಲೋಹದ ಮೊಳೆ ಕೂರಿಸಿ ಕೂಡಿಸುವ ಪದ್ಧತಿಯನ್ನು ತಂದರು. 1940ರಲ್ಲಿ ಅಮೆರಿಕದ ಆಸ್ಟಿನ್ ಮೂರ್ ಮತ್ತು ಅವರ ಸಹೋದ್ಯೋಗಿ ತೊಡೆ ಎಲುಬಿನ ಮೇಲ್ತುದಿಯ ಜಾಗದಲ್ಲಿ ಲೋಹದ ಭಾಗ ಕೂರಿಸಿದರು. ಈ ಎಲ್ಲ ಪ್ರಯತ್ನಗಳ ಹಿಂದಿದ್ದ ದೊಡ್ಡ ಉದ್ದೇಶವೆಂದರೆ ರೋಗಿಯನ್ನು ಹಾಸಿಗೆಯಿಂದ ಬೇಗ ಎಬ್ಬಿಸುವುದು. ಶಸ್ತ್ರಚಿಕಿತ್ಸೆ ಮಾಡಿಸಿಯೂ ಹಿರಿಯರನ್ನು ಮಲಗಿಸಿಟ್ಟರೆ ಅದರ ಅರ್ಧ ಪ್ರಯೋಜನವನ್ನು ನಾವೇ ಕೈಬಿಟ್ಟಂತೆ.

ಮಲಗಿದ ದೇಹ ಬಹಳ ಬೇಗ ಸೊರಗುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನೋಡಿದರು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋ ಕರಗಿತ್ತು. ಬಿದ್ದು, ನೊಂದು, ರಕ್ತ ಕಳೆದುಕೊಂಡು, ಊಟ ಬಿಟ್ಟಿರುವ ಹಿರಿಯರ ಪಾಡೇನೆಂದು ಊಹಿಸಬಹುದು. ತೊಡೆ ಎಲುಬಿನ ಈ ಮುರಿತವಾದ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆಂಬುದು ಅನೇಕ ದೇಶಗಳ ಅನುಭವ. ಹೆದರಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ಮಲಗುವುದರಿಂದ ಬರುವ ತೊಂದರೆಗಳನ್ನು ತಡೆಯುವುದು ಬಹಳಷ್ಟು ಮನೆಯವರ ಕೈಯಲ್ಲೇ ಇದೆ ಎಂಬುದು ಅವರಿಗೆ ಗೊತ್ತಿರಬೇಕು.

ರೋಗಿ ಮನೆಗೆ ಬರುವ ಮೊದಲು

ಮನೆಯವರಲ್ಲಿ ಒಬ್ಬರು ಒಂದು ದಿನ ಮುಂಚಿತವಾಗಿ ಊರಿಗೆ ಹೋಗಿ ಮನೆಯನ್ನು ಸಿದ್ಧಪಡಿಸುವುದು ಒಳ್ಳೆಯದು. ನೆಲದ ಮೇಲೆ ಚಾಪೆ, ಕೌದಿ ಹಾಸಿ ಮಲಗಿಸುವುದು ಬೇಡ. ನೆಲದಿಂದ ಏಳುವುದೆಂದರೆ ಮುರಿದ ಕಾಲನ್ನು ಪೂರ್ತಿ ಮಡಿಸಬೇಕಾಗುತ್ತದೆ. ಮಂಚ ಬೇಕು, ಅದು ಮೊಣಕಾಲಿನ ಎತ್ತರಕ್ಕಿಂತ ಕೊಂಚ ಮೇಲಿರಬೇಕು. ತಗ್ಗಾದ ಮಂಚವಿದ್ದರೆ ನಾಲ್ಕೂ ಕಾಲುಗಳ ಕೆಳಗೆ ಗಟ್ಟಿ ಕಟ್ಟಿಗೆಯ ತುಂಡುಗಳನ್ನು ಅಲುಗದಂತೆ ಇಟ್ಟು ಎತ್ತರಿಸಬಹುದು. ಹಗ್ಗ ಅಥವಾ ಪಟ್ಟಿ ಹೆಣೆದು ಜೋತುಬಿದ್ದ ಹೊರಸು ಬೇಡ, ಸೊಂಟ ಅದರಲ್ಲಿ ಹೂತುಹೋಗುತ್ತದೆ.

ಮಂಚವನ್ನು ಕತ್ತಲೆ ಕೋಣೆಯಲ್ಲಿ ಹಾಕದೆ ಪಡಸಾಲೆಯಲ್ಲಿ, ಬೆಳಕು ಬರುವಲ್ಲಿ, ಮನೆಯ ಜನರು ಓಡಾಡುವ ಕಡೆ ಹಾಕಿರಿ. ಮಾತಿಗೆ ಜನರಿದ್ದರೆ ರೋಗಿ ಮಲಗಲು ಕಡಿಮೆ ಬಯಸುತ್ತಾರೆ. ಮಂಚದಿಂದ ಬಚ್ಚಲಿನವರೆಗಿನ ದಾರಿಯನ್ನು ಒಮ್ಮೆ ನೀವೇ ನಡೆದು ನೋಡಿರಿ. ಕಾಲಿಗೆ ತೊಡರುವ ಚಾಪೆ, ಗೋಣಿತಾಟು, ವೈರು, ನೀರಿನ ಕೊಡ, ಮಕ್ಕಳ ಆಟಿಗೆ ಎಲ್ಲವನ್ನೂ ತೆಗೆಯಿರಿ. ಎತ್ತರದ ಹೊಸ್ತಿಲಿದ್ದರೆ ಅದರ ಅಂಚಿಗೆ ಸುಣ್ಣದ ಗೆರೆ ಎಳೆದರೆ ಮಂದ ಕಣ್ಣಿಗೂ ಕಾಣುತ್ತದೆ. ನುಣುಪಾದ ಫರಸಿ ಕಲ್ಲಿನ ಮೇಲೆ ನೀರು ಬಿದ್ದರೆ ಗಾಜಿನಂತೆ ಜಾರುತ್ತದೆ. ನೆಲ ಒರೆಸಿದ, ಸಾರಿಸಿದ ಮೇಲೆ ಪೂರ್ತಿ ಒಣಗುವವರೆಗೆ ರೋಗಿಯನ್ನು ಎಬ್ಬಿಸಬಾರದು. ಕರೆಂಟು ಹೋಗುವುದು ಹೊಸದೇನಲ್ಲವಾದ್ದರಿಂದ ದಿಂಬಿನ ಪಕ್ಕ ಒಂದು ಬ್ಯಾಟರಿ ಇರಲಿ. ಕರೆಯಲು ಒಂದು ಗಂಟೆಯೋ ಪೀಪಿಯೋ ಇದ್ದರೆ ಕೂಗಿ ದಣಿಯುವುದು ತಪ್ಪುತ್ತದೆ.

ಸೀರೆ, ಧೋತರ ನೆಲ ಮುಟ್ಟುವಂತಿದ್ದರೆ ವಾಕರಿನ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಕೆಲವು ತಿಂಗಳು ಹಿರಿಯ ಹೆಣ್ಣುಮಕ್ಕಳು ಪಾದದ ಮೇಲೆ ನಿಲ್ಲುವ ನೈಟಿ ಅಥವಾ ಎತ್ತಿ ಉಟ್ಟ ಸೀರೆಯಲ್ಲಿರುವುದು ಕ್ಷೇಮ. ಕೆಲವರಿಗೆ ಇದು ಸಂಕೋಚವೆನಿಸುತ್ತದೆ. ಮನೆಯವರು ನಗದಿದ್ದರೆ ಸಂಕೋಚ ಬೇಗ ಹೋಗುತ್ತದೆ. ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿಯಿರುವ, ಅಡಿ ಜಾರದ ಚಪ್ಪಲಿ ಬೇಕು.

ಏಳುವುದು, ನಿಲ್ಲುವುದು, ನಡೆಯುವುದು

ಆಪರೇಷನ್ ಆದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ಕೆಲವರಿಗೆ ಮೊದಲ ದಿನದಿಂದಲೇ ಪೂರ್ತಿ ಭಾರ, ಕೆಲವರಿಗೆ ಸ್ವಲ್ಪ ಭಾರ, ಕೆಲವರಿಗೆ ಬರಿ ಬೆರಳು ತಾಗಿಸಲು ಮಾತ್ರ ಅನುಮತಿ ಇರುತ್ತದೆ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ.

ಮಲಗಿದವರನ್ನು ಒಮ್ಮೆಲೇ ಎಬ್ಬಿಸಿ ನಿಲ್ಲಿಸಬಾರದು. ಮೊದಲು ಮಂಚದ ಅಂಚಿಗೆ ಸರಿದು, ಎರಡೂ ಕೈಗಳನ್ನು ಹಿಂದೆ ಊರಿ, ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಲಿ. ತಲೆ ಸುತ್ತುತ್ತಿದೆಯೇ ಎಂದು ಕೇಳಿರಿ. ಸುತ್ತುತ್ತಿದ್ದರೆ ಹಾಗೆಯೇ ಕುಳಿತು ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ. ಆನಂತರ ಆಪರೇಷನ್ ಆದ ಕಾಲನ್ನು ತುಸು ಮುಂದಿಟ್ಟು, ಕೈಗಳಿಂದ ಮಂಚವನ್ನೇ ಒತ್ತಿ, ಒಳ್ಳೆಯ ಕಾಲಿನ ಬಲದಿಂದ ಏಳಬೇಕು. ವಾಕರನ್ನು ಹಿಡಿದು ಎಳೆದುಕೊಂಡು ಏಳುವುದು ಅಪಾಯ, ವಾಕರ್ ಮೈಮೇಲೆ ಮಗುಚುತ್ತದೆ. ಸಹಾಯ ಮಾಡುವವರು ರೋಗಿಯ ರಟ್ಟೆ ಹಿಡಿದು ಜಗ್ಗಬಾರದು. ಆಪರೇಷನ್ ಆದ ಕಾಲಿನ ಮಗ್ಗುಲಲ್ಲಿ ತುಸು ಹಿಂದೆ ನಿಂತು, ಸೊಂಟಕ್ಕೆ ಕಟ್ಟಿದ ಗಟ್ಟಿ ಟವೆಲ್ಲನ್ನೋ ಪಟ್ಟಿಯನ್ನೋ ಹಿಡಿದುಕೊಳ್ಳಬೇಕು.

ವಾಕರಿನ ಎತ್ತರ ಸರಿಯಿದೆಯೇ ನೋಡಿರಿ. ರೋಗಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆಯು ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಅಡಿಯ ರಬ್ಬರ್ ಸವೆದಿದ್ದರೆ ಬದಲಿಸಿರಿ. ನಡೆಯುವ ಕ್ರಮ ಹೀಗೆ: ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಒಳ್ಳೆಯ ಕಾಲು. ತಿರುಗುವಾಗ ಸಣ್ಣ ಸಣ್ಣ ಹೆಜ್ಜೆ ಇಟ್ಟು ತಿರುಗಬೇಕು, ಆಪರೇಷನ್ ಆದ ಕಾಲನ್ನು ಊರಿ ಗಿರಕ್ಕನೆ ತಿರುಗಬಾರದು. ವೈದ್ಯರು ಮೆಟ್ಟಿಲಿಗೆ ಒಪ್ಪಿದ ಮೇಲೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೆಟ್ಟಿಲ ಮೇಲೆ ವಾಕರ್ ಬಳಸುವುದು ಬೇಡ. ಒಂದು ಕೈಯಲ್ಲಿ ಕಟಾಂಜನ, ಪಕ್ಕದಲ್ಲಿ ಒಬ್ಬರು ಇರಲಿ.

ಮೊದಲ ದಿನ ಮಂಚದಿಂದ ಬಾಗಿಲಿನವರೆಗೆ ನಡೆದರೂ ಸಾಕು. ದಿನಕ್ಕೆ ಒಂದು ಸಲ ಬಹಳ ದೂರ ನಡೆಸಿ ದಣಿಸುವುದಕ್ಕಿಂತ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಸುವುದು ಹಿತ. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ನಡೆಯುವ ಅರ್ಧ ಗಂಟೆ ಮೊದಲು ಕೊಡಿರಿ. “ನೋವು ತಡೆದುಕೊಂಡಷ್ಟು ಒಳ್ಳೆಯದು” ಎಂಬ ಮಾತಿಗೆ ಆಧಾರವಿಲ್ಲ. ನೋವಿದ್ದವರು ಏಳುವುದೇ ಇಲ್ಲ. ನಡೆದ ಮೇಲೆ ಸ್ವಲ್ಪ ನೋವು, ಸಂಜೆಗೆ ಪಾದದಲ್ಲಿ ತುಸು ಬಾವು ಬರುವುದು ಸಹಜ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಮಲಗಿದರೆ ಬೆಳಗಿನ ಹೊತ್ತಿಗೆ ಇಳಿಯಬೇಕು.

ಮಲಗಿರುವಾಗಲೂ ಕೆಲಸವಿದೆ. ಎಚ್ಚರವಿರುವ ಪ್ರತಿ ಗಂಟೆಗೊಮ್ಮೆ ಎರಡೂ ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಬೇಕು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡಬೇಕು. ಹತ್ತು ಸಲ ದೀರ್ಘವಾಗಿ ಉಸಿರೆಳೆದು ಬಿಡಬೇಕು, ಕಫವಿದ್ದರೆ ಕೆಮ್ಮಿ ಉಗುಳಬೇಕು. ಎಣಿಸುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ ನೋಡಿರಿ. ನಾವು ಹೇಳಿದರೆ ಕೇಳದ ಅಜ್ಜ ಮೊಮ್ಮಗಳು ಎಣಿಸಿದರೆ ಹದಿನೈದು ಸಲ ಮಾಡುತ್ತಾರೆ. ತಾವಾಗಿ ಹೊರಳಲಾರದವರನ್ನು ಹಗಲಿರುಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿನ ಕೆಳಭಾಗ ಮತ್ತು ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ದಿನವೂ ಬೆಳಕಿನಲ್ಲಿ ನೋಡಬೇಕು. ಆ ಕೆಂಪೇ ಹಾಸಿಗೆ ಹುಣ್ಣಿನ ಮೊದಲ ಗುರುತು.

ಕೂರುವುದು, ಶೌಚ, ಸ್ನಾನ

ನಮ್ಮ ಜೀವನ ನೆಲದ ಮೇಲಿನದು. ಊಟ, ಪೂಜೆ, ಕಾಳು ಹಸನು ಮಾಡುವುದು, ಹರಟೆ ಎಲ್ಲಕ್ಕೂ ಚಕ್ಕಳಮಕ್ಕಳ ಹಾಕಿ ಕೂರುತ್ತೇವೆ, ಶೌಚಕ್ಕೆ ಕುಕ್ಕರುಗಾಲಲ್ಲಿ ಕೂರುತ್ತೇವೆ. ಈ ಎರಡನ್ನೂ ವೈದ್ಯರು ಹೇಳುವವರೆಗೆ ಬಿಡಬೇಕು. ರಾಡು ಹಾಕಿದವರಿಗೆ ಎಲುಬು ಕೂಡುವವರೆಗೆ, ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಇದು ಅನ್ವಯಿಸುತ್ತದೆ. ಲೋಹದ ಗುಂಡು ಹಾಕಿದವರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ಗುಂಡು ಕೀಲಿನಿಂದ ಜಾರುವ ಸಂಭವವಿದೆ. ಅವರು ಕಾಲ ಮೇಲೆ ಕಾಲು ಹಾಕಬಾರದು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ತಗ್ಗಿನಲ್ಲಿ ಕೂರಬಾರದು, ಕುಳಿತಲ್ಲಿಂದ ಬಗ್ಗಿ ನೆಲದ ಮೇಲಿನ ವಸ್ತು ಎತ್ತಬಾರದು, ಪಾದವನ್ನು ಒಳಮುಖವಾಗಿ ತಿರುಗಿಸಬಾರದು. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು ಇರಲಿ. ಇದ್ದಕ್ಕಿದ್ದಂತೆ ತೀವ್ರ ನೋವು ಬಂದು ಕಾಲು ಗಿಡ್ಡವಾದಂತೆ, ತಿರುಚಿದಂತೆ ಕಂಡರೆ ಗುಂಡು ಜಾರಿರಬಹುದು. ಯಾರೂ ಎಳೆದು ಸರಿಪಡಿಸಲು ಹೋಗದೆ ಹಾಗೆಯೇ ಆಸ್ಪತ್ರೆಗೆ ಕರೆತರಬೇಕು.

ಕುರ್ಚಿಗೆ ಎರಡು ಕೈ ಇರಬೇಕು, ಆಸನ ಗಟ್ಟಿಯಾಗಿ ಮೊಣಕಾಲಿಗಿಂತ ಎತ್ತರವಿರಬೇಕು. ಮೆತ್ತನೆಯ ಸೋಫಾ, ಜೋಕಾಲಿ, ಆರಾಮ ಕುರ್ಚಿ ಬೇಡ. ನಿತ್ಯ ಇಷ್ಟಲಿಂಗ ಪೂಜೆ ಮಾಡಿಕೊಳ್ಳುವವರು ನೆಲದ ಮೇಲೆ ಕೂರಲಾಗಲಿಲ್ಲವೆಂದು ಪೂಜೆಯನ್ನೇ ಬಿಟ್ಟು ಕೊರಗುವುದನ್ನು ಕಾಣುತ್ತೇವೆ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಪೂಜೆಯ ಸಾಮಾನುಗಳನ್ನು ಎದೆಮಟ್ಟದ ಸ್ಟೂಲಿನ ಮೇಲೆ ಇಟ್ಟುಕೊಟ್ಟರೆ ಬಗ್ಗುವುದು ತಪ್ಪುತ್ತದೆ. ಮುಂಜಾನೆ ಎದ್ದು, ಮುಖ ತೊಳೆದು, ಕುಳಿತು ಪೂಜೆ ಮಾಡಿಕೊಳ್ಳುವ ಕ್ರಮ ಉಳಿದವರಿಗೆ ದಿನದ ಲೆಕ್ಕವೂ ಉಳಿಯುತ್ತದೆ.

ಶೌಚಕ್ಕೆ ಪಾಶ್ಚಾತ್ಯ ಮಾದರಿಯ ಕಮೋಡ್ ಇಲ್ಲದ ಮನೆಯಲ್ಲಿ ಕಮೋಡ್ ಕುರ್ಚಿ ಕೊಳ್ಳಬಹುದು ಅಥವಾ ಬಾಡಿಗೆಗೆ ತರಬಹುದು. ಅದೂ ಆಗದಿದ್ದರೆ ಊರ ಬಡಿಗೇರರಿಂದ ಗಟ್ಟಿ ಕಟ್ಟಿಗೆ ಕುರ್ಚಿಯ ನಡುವೆ ರಂಧ್ರ ಕೊರೆಸಿ, ಅಂಚು ನುಣುಪು ಮಾಡಿಸಿ, ಪಾಯಖಾನೆಯ ಗುಂಡಿಯ ಮೇಲೆಯೇ ಇಡಬಹುದು. ತೆಳುವಾದ ಪ್ಲಾಸ್ಟಿಕ್ ಕುರ್ಚಿಗೆ ರಂಧ್ರ ಮಾಡಿದರೆ ಭಾರಕ್ಕೆ ಕಾಲು ಅಗಲಿಸಿ ಮುರಿಯುತ್ತದೆ. ಬಯಲಿಗೆ ಹೋಗುವ ರೂಢಿಯವರು ಈ ಕೆಲವು ತಿಂಗಳಾದರೂ ಅದನ್ನು ಬಿಡಲೇಬೇಕು.

ಹೊಲಿಗೆ ತೆಗೆಯುವವರೆಗೆ, ಅಂದರೆ ಸುಮಾರು 12ರಿಂದ 14 ದಿನ, ಗಾಯ ತೋಯಬಾರದು. ಬಿಸಿನೀರಿನ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಆಮೇಲೆ ಕುಳಿತು ಸ್ನಾನ ಮಾಡಿಸಬಹುದು. ಬಚ್ಚಲಿನ ಗೋಡೆಗೆ ಗಟ್ಟಿ ಹಿಡಿಕೆಯೊಂದನ್ನು ಗಾರೆ ಹಾಕಿ ಕೂರಿಸಿರಿ. ಇದಕ್ಕಾಗುವ ಖರ್ಚು ಇನ್ನೊಂದು ಆಪರೇಷನ್ನಿನ ಖರ್ಚಿನ ಮುಂದೆ ಏನೂ ಅಲ್ಲ. ಮೈಗೆ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಹೆಪ್ಪುಗಟ್ಟಿದ ರಕ್ತವಿದ್ದರೆ ಮೀನಖಂಡವನ್ನು ತಿಕ್ಕುವುದರಿಂದ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಅಂಗಾಲಿನ ಎಣ್ಣೆಯಿಂದ ಜಾರಿ ಬಿದ್ದವರೂ ಇದ್ದಾರೆ.

ನೀರು ಮತ್ತು ಊಟ

ಬಹಳ ಮನೆಗಳಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಹಿರಿಯರು, ಅದರಲ್ಲೂ ಹೆಣ್ಣುಮಕ್ಕಳು, ಬೇಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ. ನೀರು ಕುಡಿದರೆ ಮೂತ್ರಕ್ಕೆ ಏಳಬೇಕು, ಎದ್ದರೆ ನೋವು, ಏಳಿಸಲು ಸೊಸೆಯನ್ನು ಕರೆಯಬೇಕು, ಅವಳು ಈಗತಾನೆ ಮಲಗಿದ್ದಾಳೆ. ಈ ಲೆಕ್ಕವನ್ನು ಅವರು ಯಾರಿಗೂ ಹೇಳುವುದಿಲ್ಲ. “ದಾಹವಿಲ್ಲ” ಎನ್ನುತ್ತಾರೆ ಅಷ್ಟೆ. ಎರಡು ಮೂರು ದಿನಗಳಲ್ಲಿ ಮಲ ಗಟ್ಟಿಯಾಗುತ್ತದೆ, ಎದ್ದರೆ ತಲೆ ಸುತ್ತುತ್ತದೆ, ಮೂತ್ರದಲ್ಲಿ ಉರಿ ಮತ್ತು ಸೋಂಕು ಬರುತ್ತದೆ, ಬಾಯಿ ಒಣಗಿ ಊಟ ಸೇರುವುದಿಲ್ಲ. ಆಮೇಲೆ “ಆಪರೇಷನ್ ಆದ ಮೇಲೆ ಬಹಳ ಇಳಿದುಹೋದರು” ಎಂದು ಮನೆಯವರು ಹೇಳುತ್ತಾರೆ.

ಆದುದರಿಂದ ಕೇಳಿ ಕೊಡುವುದಕ್ಕಿಂತ ಹೊತ್ತಿಗೆ ಸರಿಯಾಗಿ ಕೊಡಿರಿ. ಒಂದು ತಂಬಿಗೆಯನ್ನು ಗುರುತಿಗೆ ಇಟ್ಟುಕೊಂಡು, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ವೈದ್ಯರು ನೀರಿಗೆ ಮಿತಿ ಹಾಕಿಲ್ಲದಿದ್ದರೆ, ದಿನಕ್ಕೆ ಒಂದೂವರೆ ಎರಡು ಲೀಟರಿನಷ್ಟು ನೀರು, ಮಜ್ಜಿಗೆ, ಗಂಜಿ, ಸಾರು ಹೋಗುವಂತೆ ನೋಡಿರಿ. ಹೆಚ್ಚಿನ ಭಾಗ ಬೆಳಗಿನಿಂದ ಸಂಜೆ ಆರರೊಳಗೆ ಮುಗಿದರೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ ನೀವಾಗಿಯೇ “ಬಚ್ಚಲಿಗೆ ಹೋಗಿಬರೋಣ ಏಳಿ” ಎಂದರೆ ಅವರು ಕೇಳುವ ಸಂಕೋಚ ತಪ್ಪುತ್ತದೆ, ನಡಿಗೆಯೂ ಆಗುತ್ತದೆ.

ಊಟದ ವಿಷಯದಲ್ಲಿ ಪಥ್ಯದ ಹೆಸರಿನಲ್ಲಿ ನಡೆಯುವ ಹಾನಿ ಸಣ್ಣದಲ್ಲ. ಬೇಳೆ ತಿಂದರೆ ಗಾಯ ಕೀವಾಗುತ್ತದೆ, ಬದನೆ ನಂಜು, ಮೊಸರು ಶೀತ, ಶೇಂಗಾ ಪಿತ್ತ ಎಂದು ಒಂದೊಂದನ್ನೇ ತೆಗೆದು ಕೊನೆಗೆ ಬರಿ ಅನ್ನದ ಗಂಜಿ ಉಳಿಯುತ್ತದೆ. ಗಾಯ ಮಾಯಲು, ಕರಗಿದ ಮಾಂಸಖಂಡ ಮರಳಿ ಬರಲು ಪ್ರೋಟೀನು ಬೇಕು, ಸಸ್ಯಾಹಾರಿಗಳಿಗೆ ಅದು ಸಿಗುವುದು ಈ ಬೇಳೆ, ಕಾಳು, ಹಾಲು, ಮೊಸರು, ಶೇಂಗಾಗಳಿಂದಲೇ. 100 ಗ್ರಾಂ ಹೆಸರುಕಾಳಿನಲ್ಲಿ ಅಥವಾ ಶೇಂಗಾದಲ್ಲಿ 22ರಿಂದ 25 ಗ್ರಾಂ ಪ್ರೋಟೀನು ಇದೆ. ಮೊಳಕೆ ಬರಿಸಿದ ಮಡಿಕೆಕಾಳಿನ ಪಲ್ಯ, ತೊಗರಿಬೇಳೆಯ ಗಟ್ಟಿ ತೊವ್ವೆ, ಶೇಂಗಾ ಹಿಂಡಿ ಕಲಸಿದ ಮೊಸರು, ಮೆತ್ತನೆಯ ಬಿಸಿ ಜೋಳದ ರೊಟ್ಟಿ ಇವು ಉತ್ತಮ ಊಟ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಹಾಲಿನಲ್ಲಿಯೋ ತೊವ್ವೆಯಲ್ಲಿಯೋ ನೆನೆಸಿ ಕೊಡಿರಿ. ಸುಣ್ಣದಂಶಕ್ಕೆ ರಾಗಿಯಂಥ ಧಾನ್ಯ ಮತ್ತೊಂದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಹಾಲಿನಲ್ಲಿ ಸುಮಾರು 120. ಒಮ್ಮೆಗೆ ಸೇರದಿದ್ದರೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಬಹುದು. ಸಕ್ಕರೆ ಕಾಯಿಲೆಯವರು ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ನೋವಿನ ಕೆಲವು ಮಾತ್ರೆಗಳಿಂದಲೂ ಮಲಬದ್ಧತೆ ಬರುತ್ತದೆ. ಸೊಪ್ಪು, ಹಣ್ಣು, ನೀರು, ನಡಿಗೆಯಿಂದ ಸರಿಹೋಗದಿದ್ದರೆ ಮೂರು ದಿನ ಕಾಯದೆ ಔಷಧಿ ಕೇಳಿರಿ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ತಡಮಾಡುತ್ತವೆ. ತಂಬಾಕು ಹಾಕಿದ ಎಲೆ ಅಡಿಕೆಯನ್ನೂ ಬಿಡುವುದೇ ಸರಿ.

ರಾತ್ರಿಯ ಗೊಂದಲ

ಆಸ್ಪತ್ರೆಯಿಂದ ಬಂದ ಕೆಲವು ಹಿರಿಯರು ಸಂಜೆಯಾಗುತ್ತಲೇ ಏನೇನೋ ಮಾತನಾಡತೊಡಗುತ್ತಾರೆ. ತೀರಿಹೋದವರನ್ನು ಕರೆಯುತ್ತಾರೆ, “ಮನೆಗೆ ಹೋಗೋಣ” ಎನ್ನುತ್ತಾರೆ, ಕಾಲು ಮುರಿದಿದ್ದೇ ಮರೆತು ಎದ್ದು ಹೊರಡುತ್ತಾರೆ, ಮಗಳನ್ನು ಗುರುತಿಸುವುದಿಲ್ಲ. ಕೆಲವರು ಇದಕ್ಕೆ ವಿರುದ್ಧವಾಗಿ ಮಂಕಾಗಿ, ಕರೆದರೂ ಓಗೊಡದೆ ಮಲಗಿಬಿಡುತ್ತಾರೆ. ಮನೆಯವರು ಗಾಬರಿಯಾಗಿ ಗಾಳಿ ಸೋಕಿದೆ, ಬುದ್ಧಿ ಕೆಟ್ಟಿತು ಎಂದುಕೊಳ್ಳುತ್ತಾರೆ. ಇದು ವಯಸ್ಸಾದವರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಕಾಣುವ ತೊಂದರೆ. ಮೂತ್ರದ ಸೋಂಕು, ಕಫದ ಜ್ವರ, ನೀರಿನ ಕೊರತೆ, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಕೆಲವು ಮಾತ್ರೆಗಳು, ತಡೆಯಲಾಗದ ನೋವು, ಮಲ ಕಟ್ಟಿಕೊಳ್ಳುವುದು, ನಿದ್ರೆಗೇಡು ಇವುಗಳಲ್ಲಿ ಒಂದೋ ಎರಡೋ ಇದರ ಹಿಂದೆ ಇರುತ್ತವೆ. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಕೆಲವು ದಿನ ಅಥವಾ ವಾರಗಳಲ್ಲಿ ಸರಿಹೋಗುತ್ತಾರೆ. ಹೊಸದಾಗಿ ಇಂಥ ಗೊಂದಲ ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಿರಿ. ಅಂಗಡಿಯಿಂದ ನಿದ್ರೆ ಮಾತ್ರೆ ತಂದು ಕೊಡುವುದು ಬಹಳ ತಪ್ಪು, ಗೊಂದಲ ಹೆಚ್ಚುತ್ತದೆ, ಮತ್ತೆ ಬೀಳುತ್ತಾರೆ.

ಅಂಥ ಹೊತ್ತಿನಲ್ಲಿ ವಾದ ಮಾಡಬೇಡಿರಿ, ಕೈಕಾಲು ಕಟ್ಟಬೇಡಿರಿ. ಕನ್ನಡಕ ಹಾಕಿಸಿ, ಕಿವಿಯ ಯಂತ್ರವಿದ್ದರೆ ಅದನ್ನೂ ಹಾಕಿಸಿ, ಪರಿಚಿತ ದನಿಯಲ್ಲಿ ಇವತ್ತು ಯಾವ ವಾರ, ಯಾರು ಬಂದಿದ್ದರು ಎಂದು ನಿಧಾನವಾಗಿ ಹೇಳಿರಿ. ಹಗಲಲ್ಲಿ ಕಿಟಕಿ ತೆರೆದು ಎಚ್ಚರವಾಗಿಡಿರಿ, ರಾತ್ರಿ ಒಂದು ಸಣ್ಣ ದೀಪ ಮಾತ್ರ ಇರಲಿ. ಮಗ್ಗುಲಲ್ಲೇ ಒಬ್ಬರು ಮಲಗಬೇಕು.

ಯಾವಾಗ ತಡಮಾಡಬಾರದು

ಗಾಯದ ಸುತ್ತ ಕೆಂಪು ಹರಡಿದರೆ, ನೀರು ಅಥವಾ ಕೀವು ಸೋರಿದರೆ, ಚಳಿ ಜ್ವರ ಬಂದರೆ ಅಂದೇ ಬನ್ನಿರಿ. ಗಾಯಕ್ಕೆ ಅರಿಶಿನ, ಬೂದಿ, ಸೊಪ್ಪಿನ ರಸ ಹಚ್ಚುವುದಾಗಲಿ, ಕಾಲಿಗೆ ಮತ್ತೆ ಪಟ್ಟು ಕಟ್ಟಿಸುವುದಾಗಲಿ ಕೂಡದು. ಒಂದು ಕಾಲಿನ ಮೀನಖಂಡ ಬಿಗಿದು, ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಶಯವಿದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ, ಪ್ರಜ್ಞೆ ತಪ್ಪಿದರೆ ನಿಂತಕಾಲಲ್ಲೇ 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ನಮ್ಮಲ್ಲಿಗೇ ಬರಬೇಕೆಂದು ದೂರದ ದಾರಿ ಹಿಡಿಯಬೇಡಿರಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ, ಇಂಜೆಕ್ಷನ್ನುಗಳನ್ನು ಹೇಳಿದಷ್ಟು ದಿನ ಮುಗಿಸಬೇಕು. ಅವುಗಳನ್ನು ತೆಗೆದುಕೊಳ್ಳುವಾಗ ಮಲ ಕಪ್ಪಾದರೆ, ಒಸಡಿನಲ್ಲಿ ರಕ್ತ ಬಂದರೆ ತಿಳಿಸಿರಿ.

ನೋಡಿಕೊಳ್ಳುವವರ ಬಗ್ಗೆ ಒಂದು ಮಾತು

ಹೆಚ್ಚಿನ ಮನೆಗಳಲ್ಲಿ ಇಷ್ಟೆಲ್ಲ ಕೆಲಸ ಸೊಸೆಯೊಬ್ಬಳ ಮೇಲೆ ಬೀಳುತ್ತದೆ. ಅಡಿಗೆ, ಮಕ್ಕಳ ಶಾಲೆ, ಹೊಲದ ಬುತ್ತಿ, ದನಕರು ಎಲ್ಲವೂ ಇದ್ದೇ ಇರುತ್ತವೆ, ಅದರ ಮೇಲೆ ರಾತ್ರಿ ನಾಲ್ಕು ಸಲ ಏಳುವುದು. ಒಂದು ತಿಂಗಳಲ್ಲಿ ಅವಳ ಬೆನ್ನೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಎಬ್ಬಿಸಿ ನಡೆಸುವುದು ಬಲದ ಕೆಲಸ, ಅದನ್ನು ಗಂಡುಮಕ್ಕಳು ಮಾಡಬೇಕು. ರಾತ್ರಿಗಳನ್ನು ಹಂಚಿಕೊಳ್ಳಿರಿ. ಪೇಟೆಯಲ್ಲಿರುವ ಮಕ್ಕಳು ಹಣ ಕಳಿಸಿದರೆ ಸಾಲದು, ಸರದಿಯ ಮೇಲೆ ವಾರವಾದರೂ ಬಂದಿರಬೇಕು. ಮಾತನಾಡಿಸಲು ಬರುವವರು ಹಣ್ಣಿನ ಬದಲು ಎರಡು ಗಂಟೆ ರೋಗಿಯ ಬಳಿ ಕುಳಿತರೆ ಆ ಹೆಣ್ಣುಮಗಳು ಒಂದು ನಿದ್ದೆ ಮಾಡಿಯಾಳು.

ಮರುಭೇಟಿಗೆ ಬರುವಾಗ

ಹೊಲಿಗೆ ತೆಗೆಸಲು ಒಮ್ಮೆ, ಆಮೇಲೆ ಸಾಮಾನ್ಯವಾಗಿ ಆರು ವಾರಕ್ಕೆ ಮತ್ತು ಮೂರು ತಿಂಗಳಿಗೆ ಬಂದು ಎಕ್ಸ್‌ರೇ ತೆಗೆಸಬೇಕು. ನೋವಿಲ್ಲವೆಂದು ಬರದೇ ಇರಬಾರದು. ಬಸ್ಸಿನ ಮೆಟ್ಟಿಲು ಎತ್ತರವಿರುವುದರಿಂದ ಮೊದಲ ಭೇಟಿಗಳಿಗೆ ಕಾರು ಅಥವಾ ಜೀಪು ಅನುಕೂಲ. ಸೀಟನ್ನು ಹಿಂದಕ್ಕೆ ಸರಿಸಿ, ಮೇಲೆ ಗಟ್ಟಿ ದಿಂಬು ಇಟ್ಟು, ಮೊದಲು ಬೆನ್ನು ಒಳಗೆ ಮಾಡಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬೇಕು.

ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ತೊಡೆ ಎಲುಬು ಮುರಿದಿದ್ದರೆ ಮೈಯ ಉಳಿದ ಎಲುಬುಗಳೂ ಟೊಳ್ಳಾಗಿವೆ ಎಂದೇ ತಿಳಿಯಬೇಕು. ಇನ್ನೊಂದು ಕಾಲೂ ಮುರಿಯಬಹುದು. ಆದುದರಿಂದ ಎಲುಬು ಗಟ್ಟಿ ಮಾಡುವ ಔಷಧಿಯ ಬಗ್ಗೆ ಮರುಭೇಟಿಯಲ್ಲಿ ನೀವಾಗಿಯೇ ಕೇಳಿರಿ. ವಾರಕ್ಕೊಮ್ಮೆಯ ಮಾತ್ರೆ ಕೊಟ್ಟರೆ ಅದನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಕುಳಿತಿರಬೇಕು ಅಥವಾ ನಿಂತಿರಬೇಕು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಜೊತೆ ಕೊಡದೆ ಬೇರೆ ಹೊತ್ತಿಗೆ ಊಟದ ನಂತರ ಕೊಡಿರಿ.

ಬರುವಾಗ ಡಿಸ್ಚಾರ್ಜ್ ಕಾರ್ಡು, ಹಳೆಯ ಎಕ್ಸ್‌ರೇಗಳು, ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಬಿ.ಪಿ., ಸಕ್ಕರೆ ಮೊದಲಾದ ಎಲ್ಲ ಮಾತ್ರೆಗಳ ಚೀಟಿಗಳು ಮತ್ತು ಉಳಿದ ಮಾತ್ರೆಗಳನ್ನು ಒಂದೇ ಚೀಲದಲ್ಲಿ ತನ್ನಿರಿ. ವಾಕರನ್ನೂ ತಪ್ಪದೆ ತನ್ನಿರಿ. ಹೊರರೋಗಿ ವಿಭಾಗದ ಓಣಿಯಲ್ಲಿ ಹಿರಿಯರು ಅದನ್ನು ಹಿಡಿದು ಹತ್ತು ಹೆಜ್ಜೆ ನಡೆಯುವುದನ್ನು ವೈದ್ಯರು ಎಕ್ಸ್‌ರೇಗಿಂತ ಮೊದಲು ನೋಡಬಯಸುತ್ತಾರೆ.